ರಾಜ್ಯಸಭೆಯಲ್ಲಿ ಹೊತ್ತುಗೊತ್ತು ಮಾಡುವವರು ಯಾರು?

2025ರ ಜುಲೈ 21. ಸಂಜೆ 4.30ಕ್ಕೆ ರಾಜ್ಯಸಭೆಯ ಕಲಾಪ ಸಲಹಾ ಸಮಿತಿ ಆ ದಿನ ಎರಡನೇ ಸಲ ಸೇರಿತ್ತು. ಸಭಾಪತಿ ಜಗದೀಪ್ ಧನಕರ್ ಬಂದು ಕೂತಿದ್ದರು. ಮಧ್ಯಾಹ್ನದ ಸಭೆಗೆ ಬಂದಿದ್ದ ಸಚಿವರಾದ ಜೆ.ಪಿ. ನಡ್ಡಾ ಮತ್ತು ಕಿರಣ್ ರಿಜಿಜು ಸಂಜೆ ಬರಲಿಲ್ಲ. ಸಭೆಯನ್ನು ಮರುದಿನಕ್ಕೆ ಹಾಕಲಾಯಿತು. ಉಪರಾಷ್ಟ್ರಪತಿಯಾದವರೇ ರಾಜ್ಯಸಭೆಯ ಸಭಾಪತಿ; ಅದೇ ರಾತ್ರಿ ಧನಕರ್ ಆರೋಗ್ಯದ ಕಾರಣ ಹೇಳಿ ಆ ಉಪರಾಷ್ಟ್ರಪತಿ ಹುದ್ದೆಗೇ ರಾಜೀನಾಮೆ ಕೊಟ್ಟರು. ಸಚಿವರು ಬಾರದಿದ್ದಕ್ಕೂ ರಾಜೀನಾಮೆಗೂ ನಂಟಿದೆ ಎಂದು ಕಾಂಗ್ರೆಸ್ಸಿನವರು ಹೇಳಿದರು, ಬರೋಕಾಗಲ್ಲ ಎಂದು ಮೊದಲೇ ತಿಳಿಸಿದ್ದೆವು ಎಂದು ನಡ್ಡಾ ಹೇಳಿದರು. ಆ ಜಗಳ ಇಲ್ಲಿ ಬೇಡ. ಆದರೆ ಅಲ್ಲಿಯವರೆಗೆ ಹೆಚ್ಚಿನವರು ಹೆಸರೇ ಕೇಳಿರದ ಒಂದು ಸಮಿತಿ ಅವತ್ತು ಒಮ್ಮೆಗೇ ಸುದ್ದಿಯಾಯಿತು.

ಈ ಸಮಿತಿ ಮಾಡುವ ಕೆಲಸ ಕೇಳೋಕೆ ಸಣ್ಣದು. ಯಾವ ಮಸೂದೆ ಯಾವಾಗ, ಅದಕ್ಕೆ ಎಷ್ಟು ಗಂಟೆ ಎಂದು ಶಿಫಾರಸು ಮಾಡುವುದು, ಅಷ್ಟೇ. ಸಭಾಪತಿ, ಉಪಸಭಾಪತಿ ಸೇರಿ 11 ಜನ, ಅಧ್ಯಕ್ಷತೆ ಸಭಾಪತಿಯದೇ. ಆದರೆ ಕಳೆದ ಹದಿನೈದು ವರ್ಷದಲ್ಲಿ ರಾಜ್ಯಸಭೆ ಹೊತ್ತಿ ಉರಿದ ದಿನಗಳನ್ನು ಒಂದೊಂದಾಗಿ ತೆಗೆದು ನೋಡಿ, ಜಗಳದ ಬುಡದಲ್ಲಿ ಬಹುಪಾಲು ಒಂದೇ ಪ್ರಶ್ನೆ ಸಿಗುತ್ತದೆ: ಈ ಚರ್ಚೆ ಯಾವಾಗ, ಎಷ್ಟು ಹೊತ್ತು, ಅದನ್ನು ಹೇಳುವವರು ಯಾರು?

ಮೊದಲಿನಿಂದ ನೋಡೋಣ. ರಾಜ್ಯಸಭೆ ಮೊದಲ ಸಲ ಸೇರಿದ್ದು 1952ರ ಮೇ 13ರಂದು, ಸಭಾಪತಿ ಸರ್ವಪಲ್ಲಿ ರಾಧಾಕೃಷ್ಣನ್. ಲೋಕಸಭೆ ಅವಸರದಲ್ಲಿ ಮಾಡಿದ್ದನ್ನು ಇನ್ನೊಮ್ಮೆ ನಿಧಾನವಾಗಿ ನೋಡೋದಕ್ಕೆ ಅಂತಲೇ ಈ ಸದನ ಇರುವುದು. ಆದರೂ ಶುರುವಿನಲ್ಲಿ ಇಲ್ಲಿ ಪ್ರಶ್ನೋತ್ತರ ವೇಳೆ ವಾರಕ್ಕೆ ಎರಡೇ ದಿನ ಇತ್ತು, ಆಮೇಲೆ ಹೆಚ್ಚಾಗುತ್ತಾ ದಿನವೂ ಬಂತು. ಈಗ ದಿನಕ್ಕೆ ಬಾಯಿಮಾತಿನ ಉತ್ತರ ಬೇಕಾದ ಚುಕ್ಕೆ ಗುರುತಿನ ಪ್ರಶ್ನೆ 15, ಬರಹದ ಉತ್ತರ ಸಾಕಾದ ಪ್ರಶ್ನೆ 160. ಸಚಿವರು ಎದ್ದು ನಿಂತು, ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಬೇಕು. ಸಂಸತ್ತಿನ ಇಡೀ ದಿನದಲ್ಲಿ ಸರ್ಕಾರಕ್ಕೆ ನಿಜಕ್ಕೂ ಬಿಸಿ ತಟ್ಟುವ ಹೊತ್ತು ಅದು.

ಆ ಹೊತ್ತೇ ಮೊದಲು ಬಲಿಯಾಗುತ್ತಿತ್ತು. ಬೆಳಗ್ಗೆ 11ಕ್ಕೆ ಪ್ರಶ್ನೋತ್ತರ ಶುರುವಾಗುತ್ತಿದ್ದಂತೆ ಹಿಂದಿನ ದಿನದ ಸುದ್ದಿ ಹಿಡಿದು ಗದ್ದಲ, ಸದನದ ಬಾವಿಗೆ ಇಳಿಯುವುದು, ಮುಂದೂಡಿಕೆ. 2011ರಲ್ಲಿ ಅದನ್ನು ಮಧ್ಯಾಹ್ನ 2ಕ್ಕೆ ಹಾಕಿ ನೋಡಿದರು, ನಿಲ್ಲಲಿಲ್ಲ. ಕೊನೆಗೆ 2014ರ ನವೆಂಬರಿನಲ್ಲಿ ಸಭಾಪತಿ ಹಮೀದ್ ಅನ್ಸಾರಿ 11ಕ್ಕೆ ಶೂನ್ಯ ವೇಳೆ (ಸದಸ್ಯರು ತುರ್ತು ವಿಷಯ ಎತ್ತುವ ಹೊತ್ತು), 12ಕ್ಕೆ ಪ್ರಶ್ನೋತ್ತರ ಅಂತ ಅದಲು ಬದಲು ಮಾಡಿದರು, ದಿನದ ಕಲಾಪವನ್ನು ಸಂಜೆ 6ರವರೆಗೆ ಎಳೆದರು. ಸಿಟ್ಟು ಇದ್ದವರು ಮೊದಲು ಹೇಳಿಕೊಳ್ಳಲಿ, ಆಮೇಲೆ ಪ್ರಶ್ನೆ ಕೇಳಲಿ ಎಂಬ ಲೆಕ್ಕ. ಗದ್ದಲವೂ ಒಂದು ಗಂಟೆ ಮುಂದೆ ಹೋಯಿತೇ ಹೊರತು ನಿಲ್ಲಲಿಲ್ಲ. ಆದರೂ ಆ ಪ್ರಯತ್ನ ನನಗೆ ಇಷ್ಟ, ಯಾಕೆಂದರೆ ಅದು ಪ್ರಶ್ನೆಯ ಹೊತ್ತನ್ನು ಉಳಿಸೋಕೆ ಮಾಡಿದ್ದು.

ಶೂನ್ಯ ವೇಳೆ ಅನ್ನೋದು ನಿಯಮಾವಳಿಯಲ್ಲಿ ಇಲ್ಲದ, ರೂಢಿಯಲ್ಲಿ ಬಂದ ಹೊತ್ತು. ಒಬ್ಬರಿಗೆ ಮೂರು ನಿಮಿಷ. ಮುಗಿಯಿತೋ, ಮೈಕ್ ಬಂದ್. ವಾಕ್ಯ ಅರ್ಧಕ್ಕೇ ನಿಂತರೂ ಅಷ್ಟೇ.

ಮಸೂದೆ ಚರ್ಚೆಯಲ್ಲೂ ನಿಮಿಷದ ಲೆಕ್ಕವೇ. ಸಮಿತಿ ನಾಲ್ಕು ಗಂಟೆ ಕೊಟ್ಟಿತು ಅಂತಿಟ್ಟುಕೊಳ್ಳಿ, 240 ನಿಮಿಷ. ಸದನದ ಬಲ 245. ಹಂಚುವುದು ಪಕ್ಷದ ಬಲದ ಮೇಲೆ, ಹಾಗಾಗಿ ತಲೆಗೆ ಪೂರ್ತಿ ಒಂದು ನಿಮಿಷವೂ ಬರಲ್ಲ. ದೊಡ್ಡ ಪಕ್ಷಕ್ಕೆ ಅದು ಒಂದು ಗಂಟೆಗೂ ಹೆಚ್ಚು ಆಗುತ್ತದೆ, ಒಬ್ಬರೇ ಇರುವ ಪಕ್ಷದವರು 'ಇತರರು' ಅನ್ನುವ ಗುಂಪಿನಲ್ಲಿ ಸೇರಿ ಪೀಠ ಕೊಟ್ಟಷ್ಟು ಮಾತಾಡಬೇಕು. ಎಚ್.ಡಿ. ದೇವೇಗೌಡರು 2020ರಲ್ಲಿ ರಾಜ್ಯಸಭೆಗೆ ಬಂದಾಗ ಅಲ್ಲಿ ಜೆಡಿಎಸ್‌ನಿಂದ ಇದ್ದದ್ದು ಅವರೊಬ್ಬರೇ. ಮಾಜಿ ಪ್ರಧಾನಿಯಾದರೂ ಲೆಕ್ಕ ಲೆಕ್ಕವೇ.

ಅವರು ಪ್ರಮಾಣವಚನ ತೆಗೆದುಕೊಂಡ ದಿನ ಯಾವುದು ಗೊತ್ತಾ? 2020ರ ಸೆಪ್ಟೆಂಬರ್ 20, ಭಾನುವಾರ. ಕೃಷಿ ಮಸೂದೆಗಳ ದಿನ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಕೋವಿಡ್ ಕಾಲ. ಒಂದೇ ದಿನ ಎರಡು ಸದನಗಳೂ ಪಾಳಿಯಲ್ಲಿ ಸೇರುತ್ತಿದ್ದವು. ಅಂತರ ಬೇಕು ಅಂತ ರಾಜ್ಯಸಭೆಯ ಸದಸ್ಯರು ತಮ್ಮ ಸಭಾಂಗಣ, ಗ್ಯಾಲರಿ, ಲೋಕಸಭೆಯ ಸಭಾಂಗಣ ಎಲ್ಲಾ ಕಡೆ ಹಂಚಿ ಕೂತಿದ್ದರು. ರಾಜ್ಯಸಭೆಯ ಪಾಳಿ ಬೆಳಗ್ಗೆ 9ರಿಂದ ಮಧ್ಯಾಹ್ನ 1. ಪ್ರಶ್ನೋತ್ತರ ವೇಳೆಯನ್ನು ಆ ಅಧಿವೇಶನಕ್ಕೆ ತೆಗೆದೇ ಹಾಕಿದ್ದರು. ಕೃಷಿ ಮಸೂದೆಗಳ ಚರ್ಚೆ ನಡೆಯಿತು. ಸಾಂಕ್ರಾಮಿಕದ ನಡುವೆ ಇಷ್ಟು ಅವಸರ ಯಾಕೆ ಎಂದು ಪ್ರಧಾನಿ ವಿವರಿಸಬೇಕು ಎಂದು ದೇವೇಗೌಡರೂ ಕೇಳಿದರು. ಸಚಿವ ನರೇಂದ್ರ ಸಿಂಗ್ ತೋಮರ್ ಉತ್ತರ ಕೊಡುವ ಹೊತ್ತಿಗೆ 1 ಗಂಟೆ ಆಗಿಬಂತು. ಉಳಿದದ್ದು ನಾಳೆ ಆಗಲಿ ಎಂದು ವಿರೋಧ ಪಕ್ಷದವರು ಹೇಳಿದರು. ಇವತ್ತೇ ಮುಗಿಸೋಣ ಎಂದಿತು ಸರ್ಕಾರ. ಹೊತ್ತು ಮುಂದುವರಿಸುವಾಗ ಸದನದ ಒಪ್ಪಿಗೆ ನೋಡುವುದು ಹಳೆಯ ರೂಢಿ. ಪೀಠದಲ್ಲಿದ್ದ ಉಪಸಭಾಪತಿ ಹರಿವಂಶ್ ಕಲಾಪ ಮುಂದುವರಿಸಿದರು. ಅಲ್ಲಿಂದ ಮುಂದಿನದು ನೀವು ಟಿವಿಯಲ್ಲಿ ನೋಡಿರುತ್ತೀರಿ: ಪೀಠದ ಮುಂದೆ ನಿಯಮಾವಳಿ ಪುಸ್ತಕ ಎತ್ತಿ ಹಿಡಿದವರು, ಹರಿದ ಕಾಗದ, ಕಿತ್ತ ಮೈಕ್. ಮತ ವಿಭಜನೆ, ಅಂದರೆ ಮತ ಎಣಿಸುವುದು, ಬೇಕು ಎಂದು ಕೇಳಿದವರು ತಮ್ಮ ಜಾಗದಲ್ಲಿ ಇರಲಿಲ್ಲ ಎಂದು ಪೀಠ ಹೇಳಿತು, ಜಾಗದಲ್ಲೇ ಇದ್ದು ಕೇಳಿದ್ದೆವು ಎಂದು ಅವರು ಹೇಳಿದರು. ಎರಡು ಮಸೂದೆಗಳು ಧ್ವನಿಮತದಲ್ಲಿ ಪಾಸಾದವು.

ಮರುದಿನ ಎಂಟು ಸದಸ್ಯರ ಅಮಾನತು, ಅವರಲ್ಲಿ ನಮ್ಮ ರಾಜ್ಯದ ಸೈಯದ್ ನಾಸಿರ್ ಹುಸೇನ್ ಒಬ್ಬರು. ವಿರೋಧ ಪಕ್ಷಗಳು ಹೊರಗೆ ಉಳಿದವು. 22ರಂದು ಸದನ ಮೂರೂವರೆ ಗಂಟೆಯಲ್ಲಿ ಏಳು ಮಸೂದೆ ಪಾಸು ಮಾಡಿತು. ಒಂದಕ್ಕೆ ಅರ್ಧ ಗಂಟೆ!

ದಾಂಧಲೆ ಸರಿ ಅಂತ ನಾನು ಹೇಳಲ್ಲ. ಆದರೆ ಒಂದು ರಾತ್ರಿ ಕಾದಿದ್ದರೆ ಸರ್ಕಾರಕ್ಕೆ ಏನು ಹೋಗುತ್ತಿತ್ತು? ಆ ಕಾನೂನುಗಳನ್ನು 2021ರ ನವೆಂಬರ್ 29ರಂದು ಅದೇ ಸಂಸತ್ತು ವಾಪಸ್ ತೆಗೆದುಕೊಂಡಿತು, ಅದೂ ಎರಡು ಸದನಗಳಲ್ಲಿ ಒಂದೇ ದಿನ. ಲೋಕಸಭೆಯಲ್ಲಿ ಚರ್ಚೆಯೇ ಇಲ್ಲ. ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ನಾಯಕ ಮಲ್ಲಿಕಾರ್ಜುನ ಖರ್ಗೆಯವರಿಗೆ ಮಾತಾಡಲು ಸಿಕ್ಕಿದ್ದು ಕೆಲವೇ ನಿಮಿಷ.

ಇದು ಒಂದೇ ಪಕ್ಷದ ಕಥೆ ಅಲ್ಲ. 2011ರ ಡಿಸೆಂಬರ್ 29ರಂದು ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರದ ಲೋಕಪಾಲ ಮಸೂದೆ ರಾಜ್ಯಸಭೆಯಲ್ಲಿತ್ತು. ದಿನವಿಡೀ ಚರ್ಚೆ, ಮೇಲೆ 187 ತಿದ್ದುಪಡಿಗಳು. ರಾತ್ರಿ ಆರ್‌ಜೆಡಿ ಸದಸ್ಯರೊಬ್ಬರು ಪ್ರತಿ ಹರಿದರು. ಆಗ ವಿರೋಧ ಪಕ್ಷದಲ್ಲಿದ್ದ ಬಿಜೆಪಿ ಹನ್ನೆರಡರ ನಂತರವೂ ಕೂರೋಣ, ಮತ ಹಾಕೋಣ ಎಂದಿತು. ತಿದ್ದುಪಡಿ ಓದೋಕೆ ಸಮಯ ಬೇಕು ಎಂದಿತು ಸರ್ಕಾರ. ಗಡಿಯಾರ ಹನ್ನೆರಡು ಮುಟ್ಟುತ್ತಿದ್ದಂತೆ ಅನ್ಸಾರಿ ಸದನವನ್ನು ಅನಿರ್ದಿಷ್ಟ ಕಾಲಕ್ಕೆ ಮುಂದೂಡಿದರು. ಆ ಮಸೂದೆ ಅಲ್ಲಿ ಪಾಸಾಗಲು 2013ರ ಡಿಸೆಂಬರ್ ಬರಬೇಕಾಯಿತು. ಹೊತ್ತನ್ನು ಹಿಡಿದು ನಿಲ್ಲಿಸುವುದಕ್ಕೂ ಬಳಸಬಹುದು, ಓಡಿಸುವುದಕ್ಕೂ ಬಳಸಬಹುದು ಅಲ್ವಾ?

ಓಡಿಸಿದ್ದಕ್ಕೆ 2019 ಸಾಕ್ಷಿ. ಜನವರಿ 8ಕ್ಕೆ ಮುಗಿಯಬೇಕಿದ್ದ ಅಧಿವೇಶನವನ್ನು ರಾಜ್ಯಸಭೆಗೆ ಮಾತ್ರ ಒಂದು ದಿನ ಬೆಳೆಸಿ, ಆರ್ಥಿಕವಾಗಿ ಹಿಂದುಳಿದವರಿಗೆ ಶೇ 10 ಮೀಸಲಾತಿ ಕೊಡುವ ಸಂವಿಧಾನ ತಿದ್ದುಪಡಿಯನ್ನು 9ರ ರಾತ್ರಿ ಪಾಸು ಮಾಡಿದರು. ಲೋಕಸಭೆಯಲ್ಲಿ ಅದು ಮಂಡನೆಯಾಗಿದ್ದು ಹಿಂದಿನ ದಿನವಷ್ಟೇ. ಆಗಸ್ಟ್ 5ರಂದು ಜಮ್ಮು ಕಾಶ್ಮೀರ ಮರುವಿಂಗಡಣೆ ಮಸೂದೆ ಬೆಳಗ್ಗೆ ಪೂರಕ ಕಲಾಪ ಪಟ್ಟಿಯಲ್ಲಿ ಬಂತು, ಸಂಜೆಗೆ 125–61ರಲ್ಲಿ ಪಾಸಾಯಿತು. ಮುಂಚಿತ ನೋಟಿಸಿನ ನಿಯಮ ಸಡಿಲಿಸಲು ಸಭಾಪತಿ ವೆಂಕಯ್ಯ ನಾಯ್ಡು ತಮ್ಮ ವಿವೇಚನಾಧಿಕಾರ ಬಳಸಿದರು. ಮಸೂದೆಯ ಪರ ಇರಿ, ವಿರೋಧ ಇರಿ, ಬೆಳಗ್ಗೆ ಕೈಗೆ ಬಂದ ಕಾಗದವನ್ನು ಸಂಜೆಯೊಳಗೆ ಓದಿ ಅರ್ಥ ಮಾಡಿಕೊಂಡು ಮತ ಹಾಕುವುದು ಹೇಗೆ?

ವಿರೋಧ ಪಕ್ಷದ ಕೈಯಲ್ಲಿ ಉಳಿದಿರುವುದು ನಿಯಮ 267. ಇವತ್ತಿನ ಕಲಾಪ ಬದಿಗಿಟ್ಟು ಈ ವಿಷಯ ಚರ್ಚಿಸಿ ಎಂದು ನೋಟಿಸ್ ಕೊಡುವುದು. ಅಧಿವೇಶನ ಇದ್ದಾಗ ದಿನಾ ಬೆಳಗ್ಗೆ ರಾಶಿ ನೋಟಿಸ್ ಬರುತ್ತವೆ, ದಿನಾ ತಿರಸ್ಕಾರ. 2016ರ ನವೆಂಬರಿನಲ್ಲಿ ನೋಟು ರದ್ದತಿಯ ಚರ್ಚೆಗೆ ಕೊಟ್ಟ ನೋಟಿಸಿಗೆ ಒಪ್ಪಿಗೆ ಸಿಕ್ಕಿತ್ತು. 2023ರಲ್ಲಿ ಮಣಿಪುರದ ಹಿಂಸಾಚಾರದ ವಿಷಯ ಬಂದಾಗ ಸರ್ಕಾರ ನಿಯಮ 176ರಡಿ ಅಲ್ಪಾವಧಿ ಚರ್ಚೆ ಸಾಕು ಎಂದಿತು, ಅದಕ್ಕೆ ಹೆಚ್ಚೆಂದರೆ ಎರಡೂವರೆ ಗಂಟೆ. ವಿರೋಧ ಪಕ್ಷಗಳು 267 ಬೇಕು ಎಂದವು. ಯಾವ ನಿಯಮ ಎಂಬುದರ ಮೇಲೆ ವಾರಗಳು ಹೋದವು. ಮಣಿಪುರದ ಜನ ಅಷ್ಟೂ ದಿನ ಪರಿಹಾರ ಶಿಬಿರಗಳಲ್ಲಿ ಇದ್ದರು.

ಇಷ್ಟಕ್ಕೂ ಸದನ ಯಾವಾಗ ಸೇರಬೇಕು ಅನ್ನೋದೇ ಸದನದ ಕೈಯಲ್ಲಿ ಇಲ್ಲ. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದು ಎಂದಷ್ಟೇ ಸಂವಿಧಾನ ಹೇಳುತ್ತದೆ. ದಿನಾಂಕ ಗೊತ್ತು ಮಾಡುವುದು ಸಂಪುಟದ ಸಮಿತಿ, ಕರೆಯುವುದು ರಾಷ್ಟ್ರಪತಿ. ವರ್ಷಕ್ಕೆ ಮೂರು ಅಧಿವೇಶನ, ಅದಕ್ಕೆ ಖಾಯಂ ದಿನಾಂಕ ಇರಲಿ ಎಂದು ಲೋಕಸಭೆಯ ಸಮಿತಿಯೊಂದು 1955ರಲ್ಲೇ ಶಿಫಾರಸು ಮಾಡಿತ್ತು. ಎಪ್ಪತ್ತು ವರ್ಷ ಆಯಿತು. ಮುಂದಿನ ಅಧಿವೇಶನ ಯಾವತ್ತಿನಿಂದ ಎಂದು ಸಂಸದರಿಗೂ ಗೊತ್ತಾಗುವುದು ಇವತ್ತಿಗೂ ಸರ್ಕಾರ ಹೇಳಿದ ಮೇಲೆಯೇ.