ಒಂದು ಖೋಲಿ, ಎಷ್ಟು ಜನ?

ಮುಂಬೈ ಕನ್ನಡಿಗರ ಯಾವ ಸಮಾರಂಭಕ್ಕೆ ಹೋದರೂ ಹಿರಿಯರ ಬಾಯಲ್ಲಿ ಒಂದು ಮಾತು ಬರುತ್ತದೆ: ಮೊದಲು ಎಲ್ಲರೂ ಒಟ್ಟಿಗಿದ್ದೆವು, ಈಗಿನವರಿಗೆ ಕೂಡಿ ಬಾಳುವುದು ಬೇಡ. ಸುಮ್ನೆ ಸೊಸೆಯಂದಿರನ್ನು ದೂರುವವರೂ ಇದ್ದಾರೆ. ಆದರೆ ಈ ಊರಲ್ಲಿ ಯಾರು ಯಾರ ಜೊತೆ ಇರಬೇಕು ಅಂತ ಮನಸ್ಸಿಗಿಂತ ಜಾಸ್ತಿ ಜಾಗವೇ ತೀರ್ಮಾನಿಸಿದೆ.

ಶುರುವಿನಲ್ಲಿ ಹೆಚ್ಚಿನವರಿಗೆ ಇಲ್ಲಿ ಸಂಸಾರವೇ ಇರಲಿಲ್ಲ. ಕರಾವಳಿಯಿಂದ ಬಂದ ಹುಡುಗರು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಅದೇ ಹೋಟೆಲಿನಲ್ಲಿ ಟೇಬಲ್ ಜೋಡಿಸಿ ಮಲಗುತ್ತಿದ್ದರು. ಹೆಂಡತಿ ಮಕ್ಕಳು ಊರಲ್ಲಿ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆತನಗಳಲ್ಲಿ ಹೆಣ್ಣಿಗೆ ತಾಯಿಮನೆಯಲ್ಲೇ ಹಕ್ಕಿತ್ತು, ಆಸರೆಯೂ ಇತ್ತು. ಆಮೇಲೆ 1949ರ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, 1974ರ ಭೂಸುಧಾರಣೆ ಬಂದವು. ಊರಿನ ದೊಡ್ಡ ಮನೆಗಳು ಪಾಲಾದವು, ಆ ಆಸರೆ ತಪ್ಪಿತು. ಹೆಂಗಸರು ಮುಂಬೈಗೆ ರೈಲು, ಬಸ್ಸು ಹತ್ತಿದರು.

ಬಂದಿಳಿದದ್ದು ಚಾಳಿಗೆ, ಅಂದರೆ ಉದ್ದ ಗ್ಯಾಲರಿಯ ಗುಂಟ ಸಾಲು ಖೋಲಿಗಳಿರುವ ಕಟ್ಟಡಕ್ಕೆ. ಒಂದು ಸಂಸಾರಕ್ಕೆ ಒಂದೇ ಖೋಲಿ, ಒಂದೇ ಕೋಣೆ. ಮೂಲೆಯಲ್ಲಿ ಸ್ನಾನಕ್ಕೂ ಪಾತ್ರೆ ತೊಳೆಯಲೂ ಮೋರಿ, ಪಕ್ಕದಲ್ಲಿ ಸೀಮೆಎಣ್ಣೆ ಸ್ಟವ್, ಮಂಚದಡಿ ಟ್ರಂಕು. ಅಷ್ಟರಲ್ಲೇ ಗಂಡ, ಮಕ್ಕಳು, ಕೆಲಸ ಹುಡುಕಿಕೊಂಡು ಬಂದ ಮೈದುನ, ನಾದಿನಿಯ ಮಗ, ಊರಿನ ಗುರುತಿನ ಇನ್ನೊಬ್ಬ. ರಾತ್ರಿಯಾದರೆ ಗಂಡಸರು ಚಾಪೆ ಹಿಡಿದು ಹೊರಗಿನ ಗ್ಯಾಲರಿಗೆ. ನಸುಕಿನಲ್ಲಿ ನಲ್ಲಿ ಬರುವ ಮುಂಚೆ ಎದ್ದು ನೀರು ತುಂಬಿಸಿ, ಅಷ್ಟೂ ಜನಕ್ಕೆ ಡಬ್ಬಿ ಕಟ್ಟುತ್ತಿದ್ದದ್ದು ಮನೆಯಾಕೆ ಒಬ್ಬಳೇ. ಹೊಸಬನಿಗೆ ಕೆಲಸ ಸಿಕ್ಕಿತು, ಇನ್ನೊಬ್ಬ ಬಂದ. ಎಷ್ಟೋ ಹುಡುಗರು ಈ ಊರಲ್ಲಿ ಕಾಲೂರಿದ್ದು ಅವಳ ಅನ್ನ ಉಂಡೇ. ಒಟ್ಟಿಗಿದ್ದ ದಿನಗಳನ್ನು ಹೊಗಳುವಾಗ ಅವಳ ಸೊಂಟನೋವೂ ನೆನಪಾಗಬೇಕು, ಅಲ್ವಾ?

ಇಷ್ಟು ಇಕ್ಕಟ್ಟಾದರೂ ಖೋಲಿ ಯಾಕೆ ಬಿಡಲಿಲ್ಲ? 1947ರ ಬಾಂಬೆ ಬಾಡಿಗೆ ಕಾಯ್ದೆ ಖಾಸಗಿ ಚಾಳುಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತ್ತು. ಬಿಟ್ಟರೆ ಅಷ್ಟು ಅಗ್ಗದ ಜಾಗ ಮತ್ತೆ ಸಿಗುತ್ತಿರಲಿಲ್ಲ. ಬಾಡಿಗೆದಾರ ತೀರಿಕೊಂಡರೆ ಖೋಲಿಯ ಹಕ್ಕು ಅವನ ಜೊತೆ ವಾಸವಿದ್ದ ಮನೆಯವರದ್ದು. ಹಾಗಾಗಿ ಮಗ ಮದುವೆಯಾಗಿ ಹೊರವಲಯದ ಡೊಂಬಿವಲಿಗೋ ಮೀರಾ ರೋಡಿಗೋ ಹೋದರೂ ಹೆಸರು ಅಪ್ಪನ ರೇಷನ್ ಕಾರ್ಡಿನಲ್ಲೇ ಉಳಿಯುತ್ತಿತ್ತು. ಕಾಗದದ ಮೇಲೆ ಒಂದೇ ಕುಟುಂಬ, ಒಲೆ ಎರಡು. 1982ರ ಗಿರಣಿ ಮುಷ್ಕರದ ನಂತರ ಗಿರಣಿಗಳಿದ್ದ ಪರೇಲ್, ಲಾಲ್‌ಬಾಗ್ ಕಡೆಯಿಂದ ಹೊರವಲಯಕ್ಕೆ ಹೋಗುವವರು ಇನ್ನೂ ಜಾಸ್ತಿಯಾದರು.

ಈಗ ರೀಡೆವಲಪ್‌ಮೆಂಟ್ ಕಾಲ: ಹಳೆಯ ಚಾಳು ಕೆಡವಿ, ಇದ್ದವರಿಗೆ ಹೊಸ ಕಟ್ಟಡದಲ್ಲಿ ಮನೆ ಕೊಡುವುದು. ವರ್ಳಿಯಲ್ಲಿ ಬ್ರಿಟಿಷರ ಕಾಲದ ಸರ್ಕಾರಿ ಬಿಡಿಡಿ ಚಾಳಿನ 160 ಚದರಡಿ ಖೋಲಿಗೆ ಬದಲಾಗಿ 500 ಚದರಡಿ ಫ್ಲಾಟ್. ಮೊದಲ ಕಂತಿನವರಿಗೆ 2025ರಲ್ಲಿ ಕೀಲಿಕೈ ಸಿಕ್ಕಿತು. ಖೋಲಿ ಒಂದಾದರೆ ಫ್ಲಾಟೂ ಒಂದೇ. ಮಕ್ಕಳು ಮೂವರಿದ್ದರೆ? ಜಾಗ ಸಾಲದೆ ದೂರವಾದವರು ಈಗ ಪಾಲಿಗಾಗಿ ಎದುರುಬದುರು ಕೂರುತ್ತಿದ್ದಾರೆ. ಮಾರಿ ಹಂಚಿಕೊಂಡರೆ ಅಪ್ಪ ಅಮ್ಮ ಎಲ್ಲಿಗೆ ಹೋಗಬೇಕು? ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಮನೆಯನ್ನು, ಮಕ್ಕಳು ನೋಡಿಕೊಳ್ಳದಿದ್ದರೆ ಹಿಂದಕ್ಕೆ ಪಡೆಯಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅವಕಾಶವಿದೆ. ಹೆತ್ತ ಮಗನಿಗೆ ಷರತ್ತು ಹಾಕುವುದು ಹೇಗೆ ಎಂಬ ಸಂಕೋಚಕ್ಕೆ ಎಷ್ಟೋ ಹಿರಿಯರು ಆ ಒಂದು ಸಾಲು ಬರೆಸದೆಯೇ ಸಹಿ ಹಾಕಿಬಿಡುತ್ತಾರೆ.