ಪದ ಪರಿಚಯ: ಮುನ್ನೆನಪು

ಉಡುಪಿಯಲ್ಲಿರುವ ನನ್ನ ದೊಡ್ಡಮ್ಮನಿಗೆ ತನ್ನ ಮದುವೆಗೆ ಯಾರು ಯಾರು ಬಂದಿದ್ದರು, ಯಾರು ಏನು ಉಡುಗೊರೆ ಕೊಟ್ಟರು ಎಂಬುದೆಲ್ಲ ಈಗಲೂ ಬಾಯಿಪಾಠ. ರಾತ್ರಿಯ ಬಿಪಿ ಮಾತ್ರೆ ಮಾತ್ರ ತಿಂಗಳಿಗೆ ಮೂರ್ನಾಲ್ಕು ಸಲ ಮರೆತೇ ಹೋಗುತ್ತಿತ್ತು. "ನನಗೆ ಅರಳುಮರಳು ಶುರುವಾಯ್ತು ಮಾರಾಯ" ಎಂದು ಹೆದರಿದ್ದರು.

ಹಾಗೇನಿಲ್ಲ. ಆಗಿಹೋದದ್ದನ್ನು ನೆನೆಯುವುದು ಒಂದು, ಮುಂದೆ ಮಾಡಬೇಕಾದ್ದು ಸರಿಯಾದ ಹೊತ್ತಿಗೆ ಹೊಳೆಯುವುದು ಇನ್ನೊಂದು. ಎರಡನೆಯದಕ್ಕೆ ಮನಶ್ಶಾಸ್ತ್ರದಲ್ಲಿ ಪ್ರಾಸ್ಪೆಕ್ಟಿವ್ ಮೆಮೊರಿ ಎಂಬ ಹೆಸರುಂಟು. ಮುನ್ನುಡಿ, ಮುನ್ನೋಟಗಳ ಜಾಡಿನಲ್ಲಿ ನಾನದನ್ನು ಮುನ್ನೆನಪು ಎನ್ನುತ್ತೇನೆ. ಮದುವೆಯ ಕತೆಯನ್ನು ಯಾರಾದರೂ ಕೇಳುತ್ತಾರೆ, ಆಗ ನೆನಪಾಗುತ್ತದೆ. "ಮದ್ದು ಆಯ್ತಾ?" ಎಂದು ಕೇಳುವವರು ಮನೆಯಲ್ಲಿಲ್ಲದಿದ್ದರೆ ಅದು ತಾನಾಗಿಯೇ ಹೊಳೆಯಬೇಕು. ಕಷ್ಟ ಇರುವುದೇ ಅಲ್ಲಿ.

"ಎಂಟು ಗಂಟೆಗೆ" ಎಂದುಕೊಂಡರೆ ಅದು ಗಡಿಯಾರವನ್ನು ನಂಬಿದ ಮುನ್ನೆನಪು. "ಗಂಜಿಗೆ ಕೂತಾಗ" ಎಂದುಕೊಂಡರೆ ಘಟನೆಯನ್ನು ನಂಬಿದ್ದು. 1990ರಲ್ಲಿ ಐನ್‌ಸ್ಟೈನ್ ಮತ್ತು ಮೆಕ್‌ಡೇನಿಯಲ್ ಎಂಬ ಇಬ್ಬರು ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು (ಇವರು ಬೇರೆ ಐನ್‌ಸ್ಟೈನ್). ಘಟನೆಯ ಸೂಚನೆ ಎದುರಿಗೆ ಬಂದಾಗ ವಯಸ್ಸಾದವರೂ ಎಳೆಯರಷ್ಟೇ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು.

ನಮ್ಮ ಕರಾವಳಿಯಲ್ಲಿ ಇಂಥ ಸೂಚನೆಗಳಿಗೆ ಬರವಿಲ್ಲ: ದೇವರ ದೀಪ, ಮಸೀದಿಯ ಬಾಂಗು, ಇಗರ್ಜಿಯ ಗಂಟೆ. ಆದರೆ ಮದ್ದಿಗೆ ಹೊಂದುವಂಥದ್ದು ಬೇಕು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ ಹೋಗಬೇಕು, ಕಾಫಿ ಅದು ಮೈಗೆ ಹತ್ತದಂತೆ ಮಾಡುತ್ತದೆ. ಹಾಗಾಗಿ ಅದನ್ನು ಕಾಫಿ ಲೋಟದ ಪಕ್ಕ ಇಡುವುದಕ್ಕಿಂತ ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಇಡುವುದು ಲೇಸು.

ದೊಡ್ಡಮ್ಮ ಮರೆತ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿದೆವು. ಹೆಚ್ಚಿನವು ಏಕಾದಶಿ, ಉಳಿದವು ಮದುವೆ ಊಟದ ದಿನ. ಮಾತ್ರೆ ರಾತ್ರಿಯ ಗಂಜಿಗೆ ಅಂಟಿಕೊಂಡಿತ್ತು, ಗಂಜಿಯಿಲ್ಲದ ದಿನ ಮಾತ್ರೆಯೂ ಇಲ್ಲ! ಡಾಕ್ಟರರನ್ನು ಕೇಳಿ ಅದನ್ನು ಮುಸ್ಸಂಜೆಯ ದೀಪಕ್ಕೆ ಬದಲಾಯಿಸಿದೆವು. ಡಬ್ಬಿ ಈಗ ಬೆಂಕಿಪೊಟ್ಟಣದ ಪಕ್ಕದಲ್ಲಿದೆ. ದೀಪ ಹಚ್ಚದ ಸೂತಕದ ದಿನಗಳಿಗೆ ಇನ್ನೂ ಉತ್ತರ ಸಿಕ್ಕಿಲ್ಲ. (ಶುಗರ್ ಮಾತ್ರೆಯವರು ಉಪವಾಸದ ದಿನ ಏನು ಮಾಡಬೇಕೆಂದು ಮೊದಲೇ ಡಾಕ್ಟರರಲ್ಲಿ ಕೇಳಿಡಬೇಕು. ಊಟವಿಲ್ಲದೆ ತಗೊಂಡರೆ ಕೆಲವು ಮಾತ್ರೆಗಳಿಂದ ಶುಗರ್ ತೀರಾ ಇಳಿದುಬಿಡುತ್ತದೆ.)

ರೂಢಿಯಾಗಲು ಎಷ್ಟು ದಿನ? ಲಂಡನ್ನಿನ ಒಂದು ಅಧ್ಯಯನದ ಸರಾಸರಿ 66 ದಿನ, ಆದರೆ ವ್ಯಾಪ್ತಿ 18ರಿಂದ 254ರವರೆಗೆ. ನಡುವೆ ಒಂದು ದಿನ ತಪ್ಪಿದರೆ ಕಟ್ಟಿದ್ದೆಲ್ಲ ಕೆಡುವುದಿಲ್ಲ ಎಂದೂ ಅದರಲ್ಲಿ ಕಂಡುಬಂತು.

ರೂಢಿಯಾದ ಮೇಲೆ ಹೊಸ ತಾಪತ್ರಯ. ಕೈ ತನ್ನಷ್ಟಕ್ಕೆ ಕೆಲಸ ಮಾಡುವುದರಿಂದ ಮಾಡಿದ್ದೇ ಮನಸ್ಸಿನಲ್ಲಿ ಉಳಿಯುವುದಿಲ್ಲ. "ತಗೊಂಡೆನಾ, ಇಲ್ಲವಾ?" ಅನುಮಾನಕ್ಕೆ ಇನ್ನೊಂದು ನುಂಗುವುದು ಅಪಾಯ. ಮೆಡಿಕಲ್‌ನಲ್ಲಿ ಸಿಗುವ ಏಳು ಖಾನೆಯ ಡಬ್ಬಿ ಇದಕ್ಕೇ ಇರುವುದು. ಈಗ ಫೋನ್ ಮಾಡಿ "ದೊಡ್ಡಮ್ಮ, ಮಾತ್ರೆ ಆಯ್ತಾ?" ಎಂದರೆ ಅವರು ನೆನಪಿಸಿಕೊಳ್ಳಲು ಹೋಗುವುದೇ ಇಲ್ಲ. ಎದ್ದು ನೋಡಿ ಬಂದು ಹೇಳುತ್ತಾರೆ: "ಬುಧವಾರ ಖಾಲಿ ಉಂಟು."