ಕರಗಿದ 40 ಗ್ರಾಂ ಐಸ್

ನಮ್ಮ ಮದುವೆಯ ಹತ್ತನೇ ವರ್ಷದ ದಿನ ಹೊರಗೆ ಊಟಕ್ಕೆ ಹೋಗಬೇಕಿತ್ತು. ಸಂಜೆ ನಾಲ್ಕಕ್ಕೆ ಹಿಡಿದ ಮಳೆ ಏಳಾದರೂ ಬಿಡಲಿಲ್ಲ. ಬೆಂಗಳೂರಿನ ರಸ್ತೆಗಳನ್ನು ನೆನೆದು ಮನೆಯಲ್ಲೇ ಉಳಿದೆವು. ಮನೆಯಲ್ಲಿ ರಮ್ ಇತ್ತು, ನಿಂಬೆಹಣ್ಣಿತ್ತು, ಬೆಲ್ಲವಿತ್ತು. ಈ ಮೂರು ಸೇರಿದರೆ ಕ್ಯೂಬಾದ ಡೈಕಿರಿಗೆ ಹತ್ತಿರದ ಒಂದು ಕಾಕ್‌ಟೇಲ್ ಆಗುತ್ತದೆ. ಸ್ಯಾಂಟಿಯಾಗೊ ಪಟ್ಟಣದ ಬಳಿ, ಗಣಿಗಾರಿಕೆ ನಡೆಯುತ್ತಿದ್ದ ಒಂದು ಊರಿನ ಹೆಸರೇ ಆ ಪಾನೀಯದ ಹೆಸರೂ ಆಗಿದೆ. ತಿರುಪು ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಎಲ್ಲವನ್ನೂ ಸುರಿದು, ಮೂರೇ ಮೂರು ಐಸ್ ಕ್ಯೂಬ್ ಹಾಕಿ ಕುಲುಕಿದೆ. ಐಸ್ ಜಾಸ್ತಿಯಾದರೆ ನೀರಾಗುತ್ತದೆ ಎಂಬ ಭಯ ನನಗೆ. ಒಂದು ಗುಟುಕು ಕುಡಿದ ಹೆಂಡತಿ ಲೋಟ ಕೆಳಗಿಟ್ಟು, "ಗಂಟಲು ಸುಡ್ತಿದೆ, ಸಿಹಿಯೂ ಜಾಸ್ತಿ, ತಣ್ಣಗೂ ಇಲ್ಲ" ಅಂದಳು. ಮೂರು ಮಾತೂ ನಿಜ. ಮೂರಕ್ಕೂ ಕಾರಣ ಒಂದೇ ಎಂದು ನನಗೆ ತಿಳಿದದ್ದು ಆಮೇಲೆ. ಅಂದು ಡಬ್ಬಿಯಲ್ಲಿ ಸಾಕಷ್ಟು ಐಸ್ ಕರಗಿರಲಿಲ್ಲ.

ಐಸ್ ತಣ್ಣಗಿದೆ, ಅದಕ್ಕೇ ಅದು ಮುಟ್ಟಿದ್ದನ್ನು ತಣ್ಣಗೆ ಮಾಡುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಅದು ಕಾಲುಭಾಗದಷ್ಟೂ ನಿಜವಲ್ಲ. ಮೈನಸ್ 18 ಡಿಗ್ರಿಯ ಫ್ರೀಜರಿನಿಂದ ತೆಗೆದ ಒಂದು ಗ್ರಾಂ ಐಸ್, ಕರಗದೆ ಸೊನ್ನೆ ಡಿಗ್ರಿಗೆ ಬರುವಷ್ಟರಲ್ಲಿ ಹೀರಿಕೊಳ್ಳುವ ಶಾಖ ಸುಮಾರು 38 ಜೂಲ್. ಅದೇ ಒಂದು ಗ್ರಾಂ, ಸೊನ್ನೆ ಡಿಗ್ರಿಯಲ್ಲೇ ನಿಂತು, ಉಷ್ಣತೆ ಒಂದಿಷ್ಟೂ ಏರದೆ ಬರೀ ಗಟ್ಟಿಯಿಂದ ನೀರಾಗಲು ಹೀರಿಕೊಳ್ಳುವುದು 334 ಜೂಲ್. ಎಂಟು ಪಟ್ಟಿಗಿಂತ ಹೆಚ್ಚು! ಹೈಸ್ಕೂಲಿನಲ್ಲಿ ಗುಪ್ತೋಷ್ಣ ಎಂದು ಬಾಯಿಪಾಠ ಮಾಡಿದ್ದು ಇದನ್ನೇ. ನೀರಿನ ಅಣುಗಳು ಐಸಿನಲ್ಲಿ ಒಂದರ ಕೈ ಒಂದು ಹಿಡಿದು ಜೋಡಿಸಿಟ್ಟಂತೆ ನಿಂತಿರುತ್ತವೆ. ಆ ಹಿಡಿತ ಬಿಡಿಸುವುದಕ್ಕೇ ಅಷ್ಟೊಂದು ಶಾಖ ಬೇಕು.

ಇದನ್ನು ಮೊದಲು ಅಳೆದು ತೋರಿಸಿದವನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪಾಠ ಹೇಳುತ್ತಿದ್ದ ಜೋಸೆಫ್ ಬ್ಲ್ಯಾಕ್, 1760ರ ದಶಕದ ಆರಂಭದಲ್ಲಿ. ಅವನ ತರ್ಕ ನನಗೆ ಬಹಳ ಇಷ್ಟ, ಏಕೆಂದರೆ ಅದಕ್ಕೆ ಯಾವ ಉಪಕರಣವೂ ಬೇಕಿರಲಿಲ್ಲ. ಸೊನ್ನೆ ಡಿಗ್ರಿ ಮುಟ್ಟಿದ ಕೂಡಲೇ ಹಿಮ ನೀರಾಗಿಬಿಡುವುದಾಗಿದ್ದರೆ, ಚಳಿಗಾಲ ಮುಗಿದ ಮೊದಲ ಬೆಚ್ಚನೆಯ ದಿನವೇ ಬೆಟ್ಟಗಳ ಹಿಮವೆಲ್ಲ ಒಮ್ಮೆಗೆ ಕರಗಿ ಊರುಗಳು ಕೊಚ್ಚಿಹೋಗಬೇಕಿತ್ತು. ಹಾಗಾಗುವುದಿಲ್ಲ, ಹಿಮ ವಾರಗಟ್ಟಲೆ ಕರಗುತ್ತದೆ. ಅಂದಮೇಲೆ ಕರಗುವುದಕ್ಕೇ ಬೇರೆ ಶಾಖ ಬೇಕು. ಬ್ಲ್ಯಾಕ್ ಹುಟ್ಟಿದ್ದು 1728ರಲ್ಲಿ, ಫ್ರಾನ್ಸಿನ ವೈನ್ ಪಟ್ಟಣ ಬೋರ್ಡೊದಲ್ಲಿ. ತಂದೆ ವೈನ್ ವ್ಯಾಪಾರಿ. ನಮ್ಮ ಲೋಟದ ವಿಷಯಕ್ಕೆ ಅವನು ಅಷ್ಟೇನೂ ದೂರದವನಲ್ಲ.

ಈಗ ನಮ್ಮ ಡಬ್ಬಿಯ ಲೆಕ್ಕ ಹಾಕೋಣ. 60 ಎಂಎಲ್ ರಮ್, 25 ಎಂಎಲ್ ನಿಂಬೆರಸ, 20 ಎಂಎಲ್ ಬೆಲ್ಲದ ಪಾಕ (ಬೆಲ್ಲ, ನೀರು ಸಮಸಮ). ಒಟ್ಟು 105 ಎಂಎಲ್. ಅಡುಗೆಮನೆಯ ಉಷ್ಣತೆ 28 ಡಿಗ್ರಿ. ಇದನ್ನು ಸೊನ್ನೆಗೆ ಇಳಿಸಲು ತೆಗೆಯಬೇಕಾದ ಶಾಖ ಹೆಚ್ಚುಕಡಿಮೆ 11,000 ಜೂಲ್. ಅದನ್ನು 334ರಿಂದ ಭಾಗಿಸಿದರೆ 33 ಗ್ರಾಂ ಐಸ್. ಸೊನ್ನೆಗಿಂತ ಕೆಳಗೆ ಹೋಗಲು ಇನ್ನಷ್ಟು ಬೇಕು. ಅಂತೂ 40 ಗ್ರಾಂ ಐಸ್ ನೀರಾಗದೆ ಈ ಪಾನೀಯ ಸರಿಯಾಗಿ ತಣ್ಣಗಾಗುವುದಿಲ್ಲ. ತಂಪು ಬೇರೆ, ನೀರು ಬೇರೆ ಎಂದು ವಿಂಗಡಿಸಲು ಇಲ್ಲಿ ಅವಕಾಶವೇ ಇಲ್ಲ. ಆ 40 ಗ್ರಾಂ ನೀರು ಪಾಕವಿಧಾನದಲ್ಲಿ ಬರೆಯದೇ ಬಿಟ್ಟಿರುವ ನಾಲ್ಕನೇ ಸಾಮಗ್ರಿ, ಅದೂ ನಿಂಬೆರಸಕ್ಕಿಂತ ಹೆಚ್ಚಿನ ಅಳತೆಯಲ್ಲಿ.

ಸೊನ್ನೆಗಿಂತ ಕೆಳಗೆ ಅಂದೆನಲ್ಲ, ಅದು ಹೇಗೆ? ಸೊನ್ನೆ ಡಿಗ್ರಿಯ ಐಸ್ ಇನ್ನೊಂದನ್ನು ಮೈನಸ್ 5ಕ್ಕೆ ಇಳಿಸುವುದೆಂದರೆ ಮೊದಲ ಸಲ ಕೇಳಿದಾಗ ನಾನೂ ನಂಬಲಿಲ್ಲ. ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರ್ ಇಳಿಬಿಟ್ಟು ನೋಡಿದ ಮೇಲೆ ನಂಬಿದೆ. ಇದರ ಉತ್ತರ ಜಾತ್ರೆಯ ಕುಲ್ಫಿಯವನ ಮಡಕೆಯಲ್ಲಿದೆ. ಅವನು ಐಸಿನ ಚೂರುಗಳಿಗೆ ಕಲ್ಲುಪ್ಪು ಬೆರೆಸುತ್ತಾನೆ. ಉಪ್ಪು ಕರಗಿದ ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟಲಾರದು, ಹಾಗಾಗಿ ಐಸ್ ಸೊನ್ನೆಯ ಕೆಳಗೂ ಕರಗುತ್ತಲೇ ಹೋಗುತ್ತದೆ. ಕರಗಲು ಬೇಕಾದ ಶಾಖವನ್ನು ಎಲ್ಲಿಂದಲಾದರೂ ತರಲೇಬೇಕಲ್ಲ. ಸುತ್ತಲಿನ ಉಪ್ಪುನೀರಿನಿಂದ, ತನ್ನಿಂದಲೇ ಕಿತ್ತುಕೊಳ್ಳುತ್ತದೆ. ನಮ್ಮ ಡಬ್ಬಿಯಲ್ಲಿ ಉಪ್ಪಿನ ಕೆಲಸವನ್ನು ಆಲ್ಕೋಹಾಲ್ ಮಾಡುತ್ತದೆ, ಸಕ್ಕರೆ ಸ್ವಲ್ಪ ಕೈಜೋಡಿಸುತ್ತದೆ.

ಈ ಒಂದು ಸಂಗತಿ ತಿಳಿದರೆ ಎಷ್ಟೋ ಗೊಂದಲ ತಾನಾಗಿ ಹೋಗುತ್ತದೆ. ಡಬ್ಬಿಯ ಮುಕ್ಕಾಲು ಭಾಗ ಐಸ್ ತುಂಬಿ, ಮುಚ್ಚಳ ಬಿಗಿದು 12ರಿಂದ 15 ಸೆಕೆಂಡ್ ಜೋರಾಗಿ ಕುಲುಕಿದರೆ ಪಾನೀಯ ಹತ್ತಿರ ಹತ್ತಿರ ಸಮತೋಲಕ್ಕೆ ಬಂದುಬಿಡುತ್ತದೆ. ಅಲ್ಲಿಂದಾಚೆ ಎಷ್ಟು ಕುಲುಕಿದರೂ ತಂಪು ಹೆಚ್ಚೇನೂ ಏರದು; ತಂಪು ಏರದಿದ್ದರೆ ನೀರೂ ಏರದು. ಹೆಚ್ಚು ಐಸ್ ಹಾಕಿದ್ದಕ್ಕೆ ಹೆಚ್ಚು ನೀರಾಗುತ್ತದೆ ಎಂಬ ನನ್ನ ಭಯಕ್ಕೆ ಆಧಾರವಿರಲಿಲ್ಲ. ಐಸ್ ಕಡಿಮೆ ಇದ್ದರೆ ಅಷ್ಟೂ ಕರಗಿಹೋಗುತ್ತದೆ, ತಂಪೂ ಅರ್ಧಕ್ಕೇ ನಿಲ್ಲುತ್ತದೆ. ನಿಜವಾಗಿ ನೀರು ಸೇರಿಸುವುದು ಹೊರಗಿಟ್ಟು ಬೆವತ ಐಸಿನ ಮೈಗೆ ಅಂಟಿದ ನೀರು. ಅದು ಆಗಲೇ ಕರಗಿದ್ದಾಗಿದೆ, ಅದರ ಶಾಖ ಹೀರುವ ಶಕ್ತಿ ಮುಗಿದಿದೆ, ಲೋಟಕ್ಕೆ ಅದರಿಂದ ನೀರಲ್ಲದೆ ಬೇರೇನೂ ದಕ್ಕದು. ಐಸ್ ಒಮ್ಮೆ ಜಾಲರಿಯಲ್ಲಿ ಸೋಸಿ ಹಾಕಿಕೊಂಡರೆ ಆಯಿತು. ಇನ್ನು ರಮ್ಮನ್ನೇ ಫ್ರೀಜರಿನಲ್ಲಿಟ್ಟು ಹೆಪ್ಪಿನಂತೆ ತಣ್ಣಗೆ ಮಾಡಿ ಕುಲುಕುವವರಿದ್ದಾರೆ. ಆಗ ಐಸಿಗೆ ಕೆಲಸವೇ ಇರುವುದಿಲ್ಲ, ಕರಗುವುದು ಕಡಿಮೆ, ಪಾನೀಯ ಖಾರವಾಗಿ ಉಳಿಯುತ್ತದೆ. ಫ್ರೀಜರಿಗೆ ಹೋಗಬೇಕಾದ್ದು ಬಾಟಲಿಯಲ್ಲ, ಕುಡಿಯುವ ಲೋಟ.

ಈಗ ಹೆಂಡತಿ ಹೇಳಿದ ಮೊದಲ ಮಾತಿಗೆ ಬರುತ್ತೇನೆ: ಗಂಟಲು ಸುಡುವುದು. ಅದು ಬರೀ ಮಾತಿನ ಸುಡುವಿಕೆಯಲ್ಲ. ನಮ್ಮ ಬಾಯಿ, ಗಂಟಲಿನ ನರಗಳಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನ್ ಇದೆ. ಸುಮಾರು 42 ಡಿಗ್ರಿ ದಾಟಿದ ಬಿಸಿಗೆ ಅದು ಎಚ್ಚೆತ್ತು ಮಿದುಳಿಗೆ ಸುದ್ದಿ ಕಳಿಸುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಟ್ಟುವ ಬಾಗಿಲೂ ಇದೇ, ಅದಕ್ಕೇ ಖಾರ ಬಿಸಿಯಂತೆ ಅನಿಸುವುದು. ಆಲ್ಕೋಹಾಲ್ ಮಾಡುವುದು ಇನ್ನೊಂದು ತರಹ: ಆ ಪ್ರೋಟೀನ್ ಎಚ್ಚರಗೊಳ್ಳುವ ಮಟ್ಟವನ್ನೇ 34 ಡಿಗ್ರಿಯ ಹತ್ತಿರಕ್ಕೆ ಇಳಿಸಿಬಿಡುತ್ತದೆ. ನಮ್ಮ ಮೈಯ ಉಷ್ಣತೆ 37. ಅಂದರೆ ನಮ್ಮದೇ ಮೈಬಿಸಿ ನಮಗೆ ಸುಡುವಂತೆ ಅನಿಸತೊಡಗುತ್ತದೆ. ಮೈನಸ್ 5 ಡಿಗ್ರಿಯ ಗುಟುಕು ಬಾಯನ್ನು ತಂಪಾಗಿಸಿ ಆ ಮಟ್ಟದಿಂದ ಕೆಳಗಿಳಿಸುತ್ತದೆ. ಸೇರಿದ ನೀರು ಆಲ್ಕೋಹಾಲಿನ ಪ್ರಮಾಣವನ್ನು ರಮ್ಮಿನ 42.8 ಶೇಕಡಾದಿಂದ 18ರ ಆಸುಪಾಸಿಗೆ ತರುತ್ತದೆ.

ಎರಡನೆಯದು ಸಿಹಿ. ಕರಗಿ ಬೆಚ್ಚಗಾದ ಐಸ್‌ಕ್ರೀಮ್ ತಿಂದವರಿಗೆ ಗೊತ್ತು, ಅದು ಬಾಯಿಕಟ್ಟುವಷ್ಟು ಸಿಹಿ. ಗಟ್ಟಿಯಾಗಿದ್ದಾಗಲೂ ಸಕ್ಕರೆ ಅಷ್ಟೇ ಇತ್ತು. ಸಿಹಿಯನ್ನು ಗುರುತಿಸುವ ನಾಲಿಗೆಯ ಕೋಶಗಳಲ್ಲಿ ಟಿಆರ್‌ಪಿಎಂ5 ಎಂಬ ಇನ್ನೊಂದು ಪ್ರೋಟೀನ್ ಸಂದೇಶ ಸಾಗಿಸುತ್ತದೆ. ತಂಪಿನಲ್ಲಿ ಅದರ ಕೆಲಸ ಮಂದವಾಗುತ್ತದೆ ಎಂದು 2005ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹುಳಿ ಹಾಗೆ ಮಂಕಾಗುವುದಿಲ್ಲ. ಹಾಗಾಗಿ ರಾಮನವಮಿಯ ಪಾನಕದ ಹದವನ್ನು ಇಲ್ಲಿಗೆ ತರುವಂತಿಲ್ಲ. ಕುಲುಕುವ ಮೊದಲು ಚಮಚದಲ್ಲಿ ರುಚಿ ನೋಡಿದಾಗ ಸಿಹಿ ಒಂದು ಕೈ ಮುಂದಿರಬೇಕು. ತಣ್ಣಗಾದಾಗ ನಿಂಬೆ ಅದನ್ನು ಹಿಡಿದು ಸರಿದೂಗಿಸುತ್ತದೆ. ಅಂದು ನಮ್ಮ ಪಾನೀಯ ಸಿಹಿಯಾಗಿದ್ದದ್ದು ಬೆಲ್ಲದ ತಪ್ಪಲ್ಲ, ಉಷ್ಣತೆಯದು.

ನೀರು ಪರಿಮಳವನ್ನು ಕೊಲ್ಲುತ್ತದೆ ಎಂಬ ಮಾತೂ ಇದೆ. 2017ರಲ್ಲಿ ಸ್ವೀಡನ್ನಿನ ಸಂಶೋಧಕರು ವಿಸ್ಕಿಯ ಹೊಗೆವಾಸನೆಗೆ ಕಾರಣವಾದ ಗ್ವಾಯಕಾಲ್ ಎಂಬ ಅಣುವನ್ನು ಕಂಪ್ಯೂಟರಿನಲ್ಲಿ ಬೆನ್ನಟ್ಟಿದರು. ಆಲ್ಕೋಹಾಲ್ ಬಹಳ ಹೆಚ್ಚಿದ್ದಾಗ ಆ ಅಣು ಅದರ ನಡುವೆ ಮುಳುಗಿರುತ್ತದೆ. ನೀರು ಬೆರೆಸಿದರೆ ಮೇಲ್ಮೈಗೆ, ಅಂದರೆ ನಮ್ಮ ಮೂಗಿನ ಹತ್ತಿರಕ್ಕೆ ಬರುತ್ತದೆ. ಇದು ಎಲ್ಲ ಪರಿಮಳಕ್ಕೂ ಅನ್ವಯಿಸುವ ನಿಯಮವಲ್ಲ. ಆದರೆ ನೀರು ಶತ್ರು ಎಂಬ ನಂಬಿಕೆಯನ್ನು ಅಲ್ಲಾಡಿಸಲು ಇಷ್ಟು ಸಾಕು.

ಕುಲುಕುವುದರಿಂದ ಇನ್ನೊಂದು ಲಾಭ ನೊರೆ. ಬಾರುಗಳಲ್ಲಿ ಇದಕ್ಕೆ ಮೊಟ್ಟೆಯ ಬಿಳಿ ಹಾಕುತ್ತಾರೆ. ಹಸಿ ಮೊಟ್ಟೆ ನನಗೆ ಒಗ್ಗದು. ಅದಕ್ಕೆ ಬದಲಿ ನಮ್ಮ ಅಡುಗೆಮನೆಯಲ್ಲೇ ಇದೆ: ಕಾಬೂಲ್ ಕಡಲೆ ಬೇಯಿಸಿದ ಕಟ್ಟು. ಬೇಳೆ ಕುದಿಯುವಾಗ ಪಾತ್ರೆಯಿಂದ ಉಕ್ಕುವ ನೊರೆಯನ್ನು ನೋಡಿದ್ದೀರಲ್ಲ, ಅದರಲ್ಲಿರುವ ಪ್ರೋಟೀನ್ ಮತ್ತು ಸ್ಯಾಪೊನಿನ್‌ಗಳೇ ಇಲ್ಲಿಯೂ ಗಾಳಿಯ ಗುಳ್ಳೆಗಳನ್ನು ಸುತ್ತುವರಿದು ಒಡೆಯದಂತೆ ಹಿಡಿಯುತ್ತವೆ. ಉಪ್ಪು ಹಾಕದೆ ಬೇಯಿಸಿದ, ಮಂದವಾದ ಕಟ್ಟು ಎರಡು ಚಮಚ ಸಾಕು.

ಲೋಟದಲ್ಲಿ ತೇಲಿಬಿಡುವ ಐಸಿನ ಕಥೆ ಬೇರೆ. ಅಲ್ಲಿ ಬೇಗ ಕರಗಬಾರದು. 4 ಸೆಂ.ಮೀ. ಬದಿಯ ಒಂದು ಘನಕ್ಕೆ 96 ಚದರ ಸೆಂ.ಮೀ. ಮೇಲ್ಮೈ, ಅಷ್ಟೇ ಐಸನ್ನು 1 ಸೆಂ.ಮೀ.ಯ 64 ತುಂಡು ಮಾಡಿದರೆ 384. ಕರಗುವುದು ಮೇಲ್ಮೈಯಿಂದ, ಹಾಗಾಗಿ ದೊಡ್ಡ ತುಂಡು ಹೆಚ್ಚು ಹೊತ್ತು ಬಾಳುತ್ತದೆ. ಈ ಗಣಿತದ ಮೇಲೆ ಒಂದು ವ್ಯಾಪಾರವೇ ನಿಂತಿತ್ತು. 1833ರ ಮೇ ತಿಂಗಳಲ್ಲಿ ಅಮೆರಿಕದ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ, ಚಳಿಗಾಲದಲ್ಲಿ ಕೆರೆಗಳಿಂದ ಕೊಯ್ದ ಸುಮಾರು 180 ಟನ್ ಐಸನ್ನು ಟಸ್ಕನಿ ಎಂಬ ಹಡಗಿನಲ್ಲಿ ಕಲ್ಕತ್ತಾಕ್ಕೆ ಕಳಿಸಿದ. ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ನಾಲ್ಕು ತಿಂಗಳ ಪ್ರಯಾಣ ಮುಗಿಸಿ ಹಡಗು ತಲುಪಿದಾಗ ಸುಮಾರು 100 ಟನ್ ಉಳಿದಿತ್ತು. ಒತ್ತೊತ್ತಾಗಿ ಪೇರಿಸಿದ ದಿಮ್ಮಿಗಳು, ಸುತ್ತ ಮರದ ಹೊಟ್ಟು, ಅಷ್ಟೇ. ಮರದ ಹೊಟ್ಟು ಮೆತ್ತಿದ ಐಸ್ ದಿಮ್ಮಿಯನ್ನು ಗೋಣಿಚೀಲದಲ್ಲಿ ಸುತ್ತಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗುವುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ, ತತ್ವ ಒಂದೇ. ಟ್ಯೂಡರನ ಐಸನ್ನು ಕಾಪಿಡಲು ಮದ್ರಾಸಿನ ಕಡಲತೀರದಲ್ಲಿ ಕಟ್ಟಿದ ಐಸ್ ಹೌಸ್ ಇಂದಿಗೂ ಇದೆ, ಈಗ ಅದರ ಹೆಸರು ವಿವೇಕಾನಂದರ್ ಇಲ್ಲಂ.

ಕೆರೆಯ ಐಸ್ ಗಾಜಿನಂತೆ ತಿಳಿಯಾಗಿರುತ್ತದೆ, ನಮ್ಮ ಟ್ರೇಯ ಐಸ್ ಬೆಳ್ಳಗೆ ಮಬ್ಬು. ಕೆರೆ ಮೇಲಿನಿಂದ ಕೆಳಗೆ ಒಂದೇ ದಿಕ್ಕಿನಲ್ಲಿ ಹೆಪ್ಪುಗಟ್ಟುತ್ತದೆ. ನೀರಿನಲ್ಲಿ ಕರಗಿದ ಗಾಳಿ ಕೆಳಕ್ಕೆ ತಳ್ಳಲ್ಪಡುತ್ತಾ ಹೋಗುತ್ತದೆ. ಟ್ರೇಯಲ್ಲಿ ನಾಲ್ಕೂ ಕಡೆಯಿಂದ ಹೆಪ್ಪುಗಟ್ಟಿ ಗಾಳಿ ನಡುವೆ ಸಿಕ್ಕಿಬೀಳುತ್ತದೆ. ಮನೆಯಲ್ಲಿ ಚಪಾತಿ ಇಡುವ ಚಿಕ್ಕ ಹಾಟ್ ಬಾಕ್ಸ್ ಇದ್ದರೆ ನೀರು ತುಂಬಿ, ಮುಚ್ಚಳ ತೆಗೆದು ಫ್ರೀಜರಿನಲ್ಲಿಡಿ. ಬದಿಗಳಿಂದ ಶಾಖ ಹೋಗದ ಕಾರಣ ಅದೊಂದು ಪುಟ್ಟ ಕೆರೆಯಾಗುತ್ತದೆ. ಪೂರ್ತಿ ಗಟ್ಟಿಯಾಗುವ ಮೊದಲೇ, 18 ಗಂಟೆಯ ಹೊತ್ತಿಗೆ ಹೊರತೆಗೆದು, ಮೇಲಿನ ತಿಳಿ ಭಾಗವನ್ನು ಕತ್ತರಿಸಿಕೊಳ್ಳಬಹುದು.

ಒಂದು ವಿಷಯ ಮಾತ್ರ ಗಂಭೀರವಾಗಿ ಹೇಳಬೇಕು. ಮೇಲೆ ವಿವರಿಸಿದ್ದೆಲ್ಲ, ಅಂದರೆ ತಂಪು, ಸಿಹಿ, ಹುಳಿ, ನೀರು ಇವೆಲ್ಲ ಆಲ್ಕೋಹಾಲಿನ ಕಟುತ್ವವನ್ನು ನಾಲಿಗೆಯಿಂದ ಮರೆಮಾಡುವ ಉಪಾಯಗಳು. ಮೈಯಿಂದ ಮರೆಮಾಡಲು ಆಗುವುದಿಲ್ಲ. 30 ಎಂಎಲ್‌ನ ಒಂದು ಸ್ಮಾಲ್ ಪೆಗ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ನಮ್ಮ ಲೋಟದಲ್ಲಿ 20. ಎಷ್ಟು ಐಸ್ ಕರಗಿದರೂ ಆ 20 ಕಡಿಮೆಯಾಗುವುದಿಲ್ಲ. ಒಂದು ಸ್ಮಾಲ್ ಕರಗಿಸಲು ಪಿತ್ತಜನಕಾಂಗಕ್ಕೆ ಒಂದು ಗಂಟೆಗೂ ಮೀರಿ ಬೇಕಾಗುತ್ತದೆ, ಕಾಫಿ ಕುಡಿದರೂ ತಣ್ಣೀರು ಸ್ನಾನ ಮಾಡಿದರೂ ಅದು ಚುರುಕಾಗದು. ಆರೋಗ್ಯಕ್ಕೆ ಹಾನಿಯಿಲ್ಲದ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಳತೆಯ ಲೋಟವಿಲ್ಲದೆ ನಾನು ಬಾಟಲಿ ಬಗ್ಗಿಸುವುದಿಲ್ಲ. ನನ್ನ ಪಾಲಿಗೆ ಸಂಜೆಗೆ ಒಂದೇ ಲೋಟ, ಊಟದ ಜೊತೆಗೆ.

ಹೆಂಡತಿ ಈಗ ಆಲ್ಕೋಹಾಲ್ ಬಿಟ್ಟಿದ್ದಾಳೆ. ಅವಳ ತವರು ಪುತ್ತೂರು. ಅಲ್ಲಿಂದ ಬರುವ ಪುನರ್ಪುಳಿ ಪಾಕಕ್ಕೆ ನಿಂಬೆ, ಚಿಟಿಕೆ ಉಪ್ಪು, ಕಡಲೆಯ ಕಟ್ಟು ಸೇರಿಸಿ ಅವಳದನ್ನು ಕುಲುಕುತ್ತೇನೆ. ಅದೇ ಐಸ್, ಅದೇ 15 ಸೆಕೆಂಡ್, ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿ. ಹೋದ ಶನಿವಾರ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡುತ್ತಾ ಕೂತೆವು. ಅವಳ ಡಬ್ಬಿಯ ಹೊರಮೈಯಲ್ಲಿ ಹನಿಹನಿಯಾಗಿ ನೀರು ಕಟ್ಟಿ ಕೆಳಗಿಳಿಯುತ್ತಿತ್ತು. ನನ್ನದರ ಮೇಲೆ ಅದೇ ಗಾಳಿಯ ತೇವ ಹನಿಯಾಗಲೂ ಬಿಡುವಿಲ್ಲದೆ ಬೆಳ್ಳಗೆ ಹಿಮವಾಗಿ ಹರಡಿತ್ತು. ಥರ್ಮಾಮೀಟರ್ ಅವಳದರಲ್ಲಿ ಮೈನಸ್ 1ರ ಹತ್ತಿರ ನಿಂತಿತು, ನನ್ನದರಲ್ಲಿ ಮೈನಸ್ 5. ಅವಳು ಬೆರಳ ತುದಿಯಿಂದ ಆ ಹಿಮದ ಮೇಲೊಂದು ಗೆರೆ ಎಳೆದು, "ನಿಮ್ಮ ಉಪ್ಪು ಇಲ್ಲಿ ಕೆಲಸ ಮಾಡ್ತಿದೆ ನೋಡಿ" ಅಂದಳು.